ಬುಕ್ ಮಾಡಿದ್ದೊಂದು, ಕೊಟ್ಟಿದ್ದೊಂದು: ಬಾಡಿಗೆ ಮನೆ ಬದಲಾದರೆ ನಮ್ಮ ಹಕ್ಕೇನು?



ಇತ್ತೀಚಿನ ವರ್ಷಗಳಲ್ಲಿ ನಮ್ಮ ಸಂಘಗಳ ಹೆಣ್ಣುಮಕ್ಕಳು ಗುಂಪಾಗಿ ಊರು ಬಿಟ್ಟು ಹೋಗಿ ಬರುವುದು ಹೆಚ್ಚಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲಂತೂ ರಾಜ್ಯದೊಳಗೆ ಬಸ್ಸಿನ ಚಿಂತೆ ಕಡಿಮೆಯಾಯಿತು. ಸವದತ್ತಿ ಗುಡ್ಡಕ್ಕೆ ಹೋಗುವವರು, ಗೋವಾಕ್ಕೆ ಹೋಗುವವರು, ದಾಂಡೇಲಿ ನೋಡಬೇಕೆನ್ನುವವರು ಎಲ್ಲರೂ ನಮ್ಮಲ್ಲಿದ್ದಾರೆ. ದಡ್ಡಿ, ಹುಕ್ಕೇರಿ, ಗೋಕಾಕ, ಮೂಡಲಗಿ ಭಾಗದವರಿಗೆ ಗೋವಾ ದೂರವೂ ಅಲ್ಲ. ಹೋಗುವುದು ಸುಲಭವಾಯಿತು; ಉಳಿದುಕೊಳ್ಳುವ ಜಾಗದ ಮಾತು ಬಂದಾಗಲೇ ತೊಂದರೆ. ಆದ್ದರಿಂದ ಈ ಪಾಠದಲ್ಲಿ, ಮುಂಗಡ ಕೊಟ್ಟು ಬುಕ್ ಮಾಡಿದ ಮನೆ ಅಥವಾ ಕೋಣೆ ನಾವು ಹೋಗುವ ಮೊದಲೇ ಬದಲಾದರೆ ಏನು ಮಾಡಬೇಕು ಎಂಬುದನ್ನು ತಿಳಿಯೋಣ.

ಒಂದು ಉದಾಹರಣೆ

ಹದಿನಾರು ಸದಸ್ಯೆಯರ ಒಂದು ಸಂಘವಿದೆ ಎಂದು ತಿಳಿಯಿರಿ. ತಲಾ 750 ರೂಪಾಯಿ ಕೂಡಿಸಿ ಎರಡು ರಾತ್ರಿಗೆ ಗೋವಾದಲ್ಲಿ ನಾಲ್ಕು ಕೋಣೆಗಳ ಮನೆಯನ್ನು 12,000 ರೂಪಾಯಿಗೆ ಗೊತ್ತು ಮಾಡಿದರು. 6,000 ಮುಂಗಡ ಹೋಯಿತು. ಹೊರಡಲು ಮೂರು ದಿನ ಇರುವಾಗ ಫೋನ್ ಬಂತು: "ಅಕ್ಕಾರ, ಆ ಮನಿ ಸಿಗಂಗಿಲ್ಲ. ಬ್ಯಾರೆ ಮನಿ ಕೊಡ್ತೇವಿ, ಅಷ್ಟೇ ರೊಕ್ಕ." ಬೇರೆ ಮನೆ ಅಂದರೆ ಎರಡೇ ಕೋಣೆ, ಒಂದೇ ಶೌಚಾಲಯ, ಎಂಟು ಕಿಲೋಮೀಟರ್ ದೂರ. ಬೇಡ ಅಂದರೆ "ಮುಂಗಡ ವಾಪಸ್ ಬರಂಗಿಲ್ರಿ" ಎಂಬ ಉತ್ತರ.

ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಬಹಳ ಮಂದಿ "ಹೋಗ್ಲಿ ಬಿಡ್ರಿ, ಏನ್ ಮಾಡೂದು" ಎಂದು ಸುಮ್ಮನಾಗುತ್ತೇವೆ. ಆದರೆ ಇಲ್ಲಿ ಹೋಗುವುದು ಆರು ಸಾವಿರ ರೂಪಾಯಿ ಮಾತ್ರವಲ್ಲ. ಯಾರ ಫೋನಿನಿಂದ ಬುಕ್ ಮಾಡಲಾಗಿತ್ತೋ ಆ ಸದಸ್ಯೆಯ ಮೇಲೆ ಮಾತು ಬರುತ್ತದೆ. ವಾರ ವಾರ ಕೂಡಿ ಕಟ್ಟಿದ ನಂಬಿಕೆ ಒಂದೇ ಸಭೆಯಲ್ಲಿ ಒಡೆಯುತ್ತದೆ. ಹಕ್ಕು ಗೊತ್ತಿದ್ದರೆ ಸಿಟ್ಟು ಸರಿಯಾದ ಕಡೆಗೆ ಹೋಗುತ್ತದೆ, ನಮ್ಮ ನಮ್ಮೊಳಗೆ ಜಗಳವಾಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಒಂದು ಮನೆ, ಇಂಥ ದಿನ, ಇಷ್ಟು ಬಾಡಿಗೆ ಎಂದು ಇಬ್ಬರೂ ಒಪ್ಪಿ ಮುಂಗಡ ಕೊಟ್ಟರೆ ಅದು ಕರಾರು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಕರಾರನ್ನು ಬದಲಾಯಿಸಲು ಎರಡೂ ಕಡೆಯವರ ಒಪ್ಪಿಗೆ ಬೇಕು. ಮನೆಯವರು ತಾವೊಬ್ಬರೇ ಬದಲಾಯಿಸಿ "ಇದನ್ನೇ ತಗೋರಿ" ಎನ್ನುವಂತಿಲ್ಲ.

ಇದರ ಜೊತೆಗೆ ಗ್ರಾಹಕರ ಸಂರಕ್ಷಣಾ ಕಾಯ್ದೆ ಇದೆ. 1986ರ ಹಳೆಯ ಕಾಯ್ದೆಯ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಅದರಲ್ಲಿ ನಮಗೆ ಬೇಕಾದ ಅಂಶಗಳು ಇವು:

1. ಹಣ ಪಡೆದು ಊಟ-ವಸತಿ ಒದಗಿಸುವುದು 'ಸೇವೆ'. ಹೇಳಿದ ಸೇವೆ ಕೊಡದಿದ್ದರೆ, ಕಡಿಮೆ ಕೊಟ್ಟರೆ ಅದು 'ಸೇವಾ ನ್ಯೂನತೆ'.

2. ಹಣ ಕೊಟ್ಟವಳು ಮಾತ್ರ ಗ್ರಾಹಕಳಲ್ಲ. ಅವಳ ಒಪ್ಪಿಗೆಯಿಂದ ಆ ಸೇವೆ ಪಡೆಯುವವರೂ ಗ್ರಾಹಕರೇ. ಹದಿನಾರು ಮಂದಿಯೂ ಕೇಳಬಹುದು.

3. ರಸೀದಿ ಅಥವಾ ಬಿಲ್ ಕೊಡದಿರುವುದು 'ಅನುಚಿತ ವ್ಯಾಪಾರ ಪದ್ಧತಿ'. ಆದ್ದರಿಂದ ರಸೀದಿ ಕೇಳಲು ಸಂಕೋಚ ಪಡಬೇಡಿರಿ.

ಮೊಬೈಲ್ ಆ್ಯಪ್ ಮೂಲಕ ಬುಕ್ ಮಾಡಿದರೆ 2020ರ ಇ-ಕಾಮರ್ಸ್ ನಿಯಮಗಳೂ ಅನ್ವಯಿಸುತ್ತವೆ. ಪ್ರತಿ ಕಂಪನಿಯಲ್ಲಿ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು. ಅವರು 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕಂಪನಿ ತಾನೇ ರದ್ದು ಮಾಡಿದಾಗ ದಂಡ ಕಟ್ಟದಿದ್ದರೆ, ನಾವು ರದ್ದು ಮಾಡಿದಾಗ ನಮ್ಮಿಂದಲೂ ರದ್ದತಿ ಶುಲ್ಕ ಹಿಡಿಯುವಂತಿಲ್ಲ. ಒಂದನ್ನು ತೋರಿಸಿ ಮತ್ತೊಂದನ್ನು ಕೊಡುವ ಮೋಸವನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಲಾಗಿದೆ.

ಇದು ಕಾಗದದ ಮೇಲಿನ ಮಾತು ಮಾತ್ರವಲ್ಲ. ಕೇರಳದಲ್ಲಿ ಒಂದು ಕುಟುಂಬ ಆನ್‌ಲೈನ್‌ನಲ್ಲಿ ಹಣ ಕಟ್ಟಿ ಕೋಣೆ ಬುಕ್ ಮಾಡಿತ್ತು. ರಾತ್ರಿ ಹೋಟೆಲಿಗೆ ಹೋದಾಗ ಪ್ರತಿ ಕೋಣೆಗೆ ಇನ್ನೂ 2,500 ರೂಪಾಯಿ ಕೊಡಿರಿ ಎಂದರು, ಇಲ್ಲವೆಂದಾಗ ಕೋಣೆ ಕೊಡಲಿಲ್ಲ. 2024ರಲ್ಲಿ ಎರ್ನಾಕುಲಂ ಜಿಲ್ಲಾ ಗ್ರಾಹಕ ಆಯೋಗವು ಆ ಕುಟುಂಬಕ್ಕೆ ಪರಿಹಾರ ಮತ್ತು ಖರ್ಚು ಸೇರಿ 1,10,000 ರೂಪಾಯಿ ಕೊಡಲು ಆದೇಶಿಸಿತು. ಅವರು ಕಟ್ಟಿದ್ದು ಮೂರು ಸಾವಿರಕ್ಕೂ ಕಡಿಮೆ.

ನಮ್ಮ ಮುಂದಿರುವ ಮೂರು ದಾರಿ

ಮನೆ ಬದಲಾಗಿದೆ ಎಂದು ತಿಳಿದ ಕೂಡಲೇ ಗಾಬರಿಯಾಗದೆ ಯೋಚಿಸಿರಿ.

ಮೊದಲನೆಯದು: ಹೊಸ ಮನೆ ನಿಜವಾಗಿ ಅಷ್ಟೇ ಚೆನ್ನಾಗಿದ್ದರೆ ಒಪ್ಪಿಕೊಳ್ಳಿರಿ. ಫೋಟೋ, ವಿಳಾಸ, ಕೋಣೆಗಳ ಸಂಖ್ಯೆ ವಾಟ್ಸಾಪ್‌ನಲ್ಲಿ ತರಿಸಿಕೊಂಡೇ ಒಪ್ಪಿರಿ.

ಎರಡನೆಯದು: ಸ್ವಲ್ಪ ಕಡಿಮೆ ಇದೆ, ಆದರೂ ನಡೆಯುತ್ತದೆ ಎಂದಾದರೆ ಬಾಡಿಗೆ ಇಳಿಸಲು ಕೇಳಿರಿ. ನಾಲ್ಕು ಕೋಣೆಯ ದರವನ್ನು ಎರಡು ಕೋಣೆಗೆ ಕೊಡುವುದು ಯಾವ ನ್ಯಾಯ? ಇಳಿಸಿದ ದರವನ್ನೂ ಬರಹದಲ್ಲಿ ಪಡೆಯಿರಿ. ಏನೂ ಹೇಳದೆ ಹೋಗಿ ಉಳಿದು ಬಂದರೆ, ಆಮೇಲೆ "ನೀವ ಒಪ್ಪಿದ್ರೆಲ್ಲ" ಎಂಬ ಮಾತು ಬರುತ್ತದೆ.

ಮೂರನೆಯದು: ಬೇಡವೆಂದರೆ ಸ್ಪಷ್ಟವಾಗಿ ಬೇಡವೆನ್ನಿರಿ, ಪೂರ್ತಿ ಮುಂಗಡ ಕೇಳಿರಿ. ಅದೇ ದಿನಕ್ಕೆ ಬೇರೆ ಮನೆ 15,000ಕ್ಕೆ ಸಿಕ್ಕರೆ ಹೆಚ್ಚಾದ 3,000, ಇದರಿಂದಾಗಿ ವಾಹನಕ್ಕೆ ಹೆಚ್ಚು ಖರ್ಚಾದ 1,200 ಇದ್ದರೆ ಅದನ್ನೂ ನಷ್ಟವೆಂದು ಕೇಳಬಹುದು. ಮುಂಗಡ 6,000 ಸೇರಿ ಒಟ್ಟು 10,200 ರೂಪಾಯಿ. ಪ್ರತಿಯೊಂದಕ್ಕೂ ರಸೀದಿ ಇರಲಿ.

ಒಂದು ಮಾತು ನೆನಪಿರಲಿ. ಎಲ್ಲ ಬದಲಾವಣೆಯೂ ಮೋಸವಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದೊಳಗೇ ನೀರು ನುಗ್ಗಿದ್ದನ್ನು ನಾವು ಕಂಡಿದ್ದೇವೆ. ಅಂಥ ಹೊತ್ತಿನಲ್ಲಿ ಮನೆ ಕೊಡಲಾಗದಿದ್ದರೆ ಅದು ಮಾಲೀಕರ ತಪ್ಪಲ್ಲ. ಪರಿಹಾರ ಕೇಳುವುದು ಸರಿಯಲ್ಲ. ಆದರೆ ಕೊಡದ ಮನೆಯ ಮುಂಗಡವನ್ನು ಇಟ್ಟುಕೊಳ್ಳುವುದೂ ಸರಿಯಲ್ಲ. ಹೆಚ್ಚು ಬಾಡಿಗೆ ಕೊಡುವವರು ಬಂದರೆಂದು ನಮ್ಮ ಮನೆಯನ್ನು ಅವರಿಗೆ ಕೊಟ್ಟಿದ್ದರೆ ಅದು ಬೇರೆ ಮಾತು. 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ಹಳೇ ಗೋವಾದಲ್ಲಿ ನಡೆದ ಸಂತ ಫ್ರಾನ್ಸಿಸ್ ಝೇವಿಯರರ ಅವಶೇಷಗಳ ದರ್ಶನದಂಥ ದೊಡ್ಡ ಸಂದರ್ಭಗಳಲ್ಲಿ, ಜಾತ್ರೆ, ಹೊಸ ವರ್ಷದ ದಿನಗಳಲ್ಲಿ ಕೋಣೆಗಳಿಗೆ ಬೇಡಿಕೆ ಹೆಚ್ಚು, ಆಸೆಯೂ ಹೆಚ್ಚು. ಆಗ ಹೆಚ್ಚು ಎಚ್ಚರ ಬೇಕು.

ದೂರು ಕೊಡುವ ಕ್ರಮ

1. ಮೊದಲು ಮಾಲೀಕರಿಗೆ ಅಥವಾ ಕಂಪನಿಗೆ ಬರಹದಲ್ಲಿ ತಿಳಿಸಿರಿ. ಹೀಗೆ ಬರೆದರೆ ಸಾಕು: "ಇಂಥ ದಿನಾಂಕಕ್ಕೆ ನಾಲ್ಕು ಕೋಣೆಗಳ ಮನೆಗೆ 6,000 ರೂಪಾಯಿ ಮುಂಗಡ ಕೊಟ್ಟಿದ್ದೇವೆ. ನೀವು ಅದನ್ನು ಬದಲಾಯಿಸಿದ್ದೀರಿ. ಬದಲಿ ಮನೆಗೆ ನಮ್ಮ ಒಪ್ಪಿಗೆ ಇಲ್ಲ. ಹದಿನೈದು ದಿನದೊಳಗೆ ಪೂರ್ತಿ ಹಣ ಹಿಂದಿರುಗಿಸಬೇಕು."

2. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿರಿ. ಕನ್ನಡದಲ್ಲಿಯೂ ಮಾತಾಡಬಹುದು, ಕರೆ ಉಚಿತ. ಅವರು ಆದೇಶ ಮಾಡುವುದಿಲ್ಲ, ಆದರೆ ಕಂಪನಿಯೊಂದಿಗೆ ಮಾತಾಡಿ ಬಗೆಹರಿಸಲು ಪ್ರಯತ್ನಿಸುತ್ತಾರೆ. ಎಷ್ಟೋ ದೂರು ಇಲ್ಲಿಯೇ ಮುಗಿಯುತ್ತವೆ.

3. ಆಗಲೂ ಆಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಕೊಡಿರಿ. ಮನೆ ಗೋವಾದಲ್ಲಿದ್ದರೂ ನಾವು ಗೋವಾಕ್ಕೆ ಓಡಾಡಬೇಕಿಲ್ಲ. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದ ಮೂಲಕವೂ ಕೊಡಬಹುದು.

4. ವಕೀಲರು ಬೇಕೆನಿಸಿದರೆ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿರಿ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಸಹಾಯವಾಣಿ 15100.

ಮುಂಗಡ ಕಳಿಸಿದ ಮೇಲೆ ಫೋನೇ ಬಂದ್ ಆಗಿದ್ದರೆ, ಅಂಥ ಮನೆಯೇ ಇಲ್ಲವೆಂದು ತಿಳಿದರೆ ಅದು ನೇರ ವಂಚನೆ. ತಡ ಮಾಡದೆ 1930ಕ್ಕೆ ಕರೆ ಮಾಡಿರಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬುಕ್ ಮಾಡುವ ಮೊದಲೇ ಮಾಡಬೇಕಾದ್ದು

● ಪ್ರವಾಸದ ನಿರ್ಣಯ, ಮುಂಗಡದ ಮೊತ್ತ, ಹಣ ಕಳಿಸುವ ಸದಸ್ಯೆಯ ಹೆಸರು ಠರಾವು ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಮಾಡಿರಿ. ಆಗ ಒಬ್ಬಳ ಮೇಲೆ ಹೊರೆ ಬೀಳದು.

● ಕೋಣೆ, ಶೌಚಾಲಯ, ನೀರು, ಅಡುಗೆ ಮನೆ, ದಿನಾಂಕ, ಒಟ್ಟು ಬಾಡಿಗೆ ಇವನ್ನು ಸಂದೇಶದಲ್ಲಿ ತರಿಸಿಕೊಳ್ಳಿರಿ. ಬಾಯಿ ಮಾತು ಗಾಳಿಗೆ ಹೋಗುತ್ತದೆ.

● ರದ್ದಾದರೆ ಹಣ ಎಷ್ಟು ದಿನದಲ್ಲಿ ವಾಪಸ್ ಎಂದು ಮೊದಲೇ ಕೇಳಿರಿ.

● ಪೂರ್ತಿ ಹಣ ಮುಂಚೆಯೇ ಕೊಡಬೇಡಿರಿ. ಫೋನಿನಿಂದ ಕಳಿಸಿದರೆ ಅದರ ಚಿತ್ರ ತೆಗೆದಿಡಿರಿ.

ನಾವು ಕೊಡುವವರೂ ಹೌದು

ನಮ್ಮಲ್ಲಿ ಕೆಲವು ಸಂಘಗಳು ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುತ್ತವೆ. ಜಾತ್ರೆಗೆ ಬಂದವರಿಗೆ ಮನೆಯ ಒಂದು ಕೋಣೆ ಕೊಡುವವರೂ ಇದ್ದಾರೆ. ಹಣ ಪಡೆದ ಮೇಲೆ ನಾವೂ ಸೇವೆ ಕೊಡುವವರೇ, ನ್ಯಾಯ ನಮಗೂ ಅದೇ. ಒಂದು ಮದುವೆಗೆ ಒಪ್ಪಿಕೊಂಡ ಪಾತ್ರೆಯನ್ನು ಹೆಚ್ಚು ಬಾಡಿಗೆ ಸಿಕ್ಕಿತೆಂದು ಬೇರೆ ಮನೆಗೆ ಕಳಿಸಿದರೆ, ಗೋವಾದ ಆ ಮಾಲೀಕರಿಗೂ ನಮಗೂ ಏನು ವ್ಯತ್ಯಾಸ? ಕೊಡಲಾಗದಿದ್ದರೆ ಬೇಗ ತಿಳಿಸೋಣ, ಮುಂಗಡ ಮರಳಿಸೋಣ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದಲ್ಲಿ ಯಾರಿಗಾದರೂ ಮುಂಗಡ ಕೊಟ್ಟು ಮೋಸವಾಗಿದೆಯೇ? ಆಗ ಏನು ಮಾಡಿದರು?

2. ಮೇಲಿನ ಉದಾಹರಣೆಯಲ್ಲಿ ನೀವಿದ್ದರೆ ಮೂರು ದಾರಿಗಳಲ್ಲಿ ಯಾವುದನ್ನು ಆರಿಸುತ್ತಿದ್ದಿರಿ? ಏಕೆ?

3. ಮುಂದಿನ ಪ್ರವಾಸಕ್ಕೆ ಮನೆಯವರಿಗೆ ಕೇಳಬೇಕಾದ ಐದು ಪ್ರಶ್ನೆಗಳನ್ನು ಎಲ್ಲರೂ ಕೂಡಿ ಬರೆಯಿರಿ.

1915, 15100, 1930 ಈ ಮೂರು ನಂಬರುಗಳನ್ನು ಠರಾವು ಪುಸ್ತಕದ ಮೊದಲ ಹಾಳೆಯಲ್ಲಿ ಇಂದೇ ಬರೆದಿಡಿರಿ. ಓದಲು ಬಾರದ ಸದಸ್ಯೆಯರಿಗೆ ಬಾಯಿಪಾಠ ಮಾಡಿಸಿರಿ.