ಸಾಲಾಗಿ ನಿಂತ ಇಂಗಾಲದ ನ್ಯಾನೊ ಕೊಳವೆಗಳು: ಜಕ್ಕೂರಿನ ಕೊಡುಗೆ

1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಗಾಲದ ನ್ಯಾನೊ ಕೊಳವೆಗಳನ್ನು ವಿವರಿಸಿದ್ದು ಎಲ್ಲ ಪರೀಕ್ಷಾ ಗೈಡುಗಳಲ್ಲೂ ಇದೆ. ಅವುಗಳನ್ನು ಸಿಕ್ಕುಗಟ್ಟದಂತೆ ಒಂದೇ ದಿಕ್ಕಿಗೆ ಬೆಳೆಸುವ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಅದನ್ನು ನಮ್ಮ ಅಭ್ಯರ್ಥಿಗಳು ತಿಳಿದಿರಲೇಬೇಕು. ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಫೆರೊಸೀನ್‌ನಿಂದ ಇಂಥ ಕೊಳವೆಗಳ ಕಂತೆಗಳನ್ನು ಪಡೆದ ವರದಿಯನ್ನು 1998ರಲ್ಲಿ ಪ್ರಕಟಿಸಿದರು.

ಫೆರೊಸೀನ್ ಕಿತ್ತಳೆ ಬಣ್ಣದ ಪುಡಿ. ಅದರ ಒಂದು ಅಣುವಿನಲ್ಲಿ 1 ಕಬ್ಬಿಣದ, 10 ಇಂಗಾಲದ ಪರಮಾಣುಗಳಿವೆ. ವೇಗವರ್ಧಕವೂ ಕಚ್ಚಾವಸ್ತುವೂ ಒಂದರಲ್ಲೇ ಸಿಗುವುದು ಇದರ ಹೆಚ್ಚುಗಾರಿಕೆ. ಕ್ವಾರ್ಟ್ಜ್ ನಳಿಕೆಯ ಒಂದು ತುದಿಯಲ್ಲಿಟ್ಟು ಕಾಸಿದರೆ ಪುಡಿ ಆವಿಯಾಗುತ್ತದೆ. ಹರಿಯುವ ಅನಿಲ ಆ ಆವಿಯನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಕುಲುಮೆಗೆ ಒಯ್ಯುತ್ತದೆ. ಅಲ್ಲಿ ಅಣು ಒಡೆದು ಕಬ್ಬಿಣ ನ್ಯಾನೊ ಕಣಗಳಾಗುತ್ತದೆ. ಪ್ರತಿ ಕಣದಿಂದಲೂ ಇಂಗಾಲ ಕೊಳವೆಯಾಗಿ ಬೆಳೆಯುತ್ತದೆ. ಒತ್ತಾಗಿ ನೆಟ್ಟ ಕಬ್ಬಿನಂತೆ ಪಕ್ಕದವು ಪರಸ್ಪರ ಆತುಕೊಂಡು ನೆಟ್ಟಗೆ ನಿಲ್ಲುತ್ತವೆ. ಕಣದ ಗಾತ್ರ ಕೊಳವೆಯ ದಪ್ಪವನ್ನು ನಿರ್ಧರಿಸುತ್ತದೆ ಎಂಬ ಅಂಶಕ್ಕೆ ಅಡಿಗೆರೆ ಹಾಕಿ.

ಕೊಳವೆಗಳ ಗುಣಗಳ ಅಧ್ಯಯನದಲ್ಲೂ ಬೆಂಗಳೂರಿನ ಪಾಲಿದೆ: 2003ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ತಂಡ, ನ್ಯಾನೊ ಕೊಳವೆಗಳ ಮೇಲೆ ದ್ರವ ಹರಿದಾಗ ವಿದ್ಯುತ್ ಸಂಕೇತ ಹುಟ್ಟುವುದನ್ನು ತೋರಿಸಿತು.

ಬೆಂಗಳೂರಿನ ತಂತ್ರಜ್ಞಾನ ಎಂದೊಡನೆ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳನ್ನಷ್ಟೇ ಬರೆಯಬೇಡಿ, ಜಕ್ಕೂರನ್ನೂ ಸೇರಿಸಿ. ರಾವ್ ಕಟ್ಟಿದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಅಲ್ಲಿದೆ, ಸ್ಥಾಪನೆ 1989. ರಾವ್ ಅವರಿಗೆ ಭಾರತರತ್ನ ಪ್ರದಾನವಾದದ್ದು 2014ರಲ್ಲಿ.