ಕಾದವರಿಗೆ ಸಿಕ್ಕ ಚಿತ್ರ

ಕೆರೆಯಲ್ಲೋ ಹೊಳೆಯಲ್ಲೋ ಮುಳುಗಿ ಕಣ್ಣು ತೆರೆದು ನೋಡಿದ್ದೀರಾ? ಎಲ್ಲವೂ ಮಸುಕಾಗಿ ಕಾಣುತ್ತದೆ, ಅಲ್ಲವೇ? ಆದರೆ ಕಡಲಿನ ಆಳಕ್ಕೆ ಇಳಿದು ಚೆಂದದ ಛಾಯಾಚಿತ್ರ ತೆಗೆಯುವವರಿದ್ದಾರೆ. ಅಂತಹ ಚಿತ್ರಗಳಿಗೆ ಸ್ಪರ್ಧೆಗಳೂ ಇವೆ. ಸ್ಪರ್ಧೆಯಲ್ಲಿ ಗೆದ್ದ ಮುಳುಗುಗಾರರೊಬ್ಬರ ಕತೆಯನ್ನು ಓದೋಣ.

ಲೊರಾಂ ಬಲೆಸ್ತಾ ಫ್ರಾನ್ಸ್ ದೇಶದವರು. ಕಡಲಿನ ಜೀವಿಗಳನ್ನು ಕುರಿತು ಕಲಿತವರು. ಉಸಿರಾಟಕ್ಕೆ ಬೇಕಾದ ಗಾಳಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಅವರು ನೀರಿಗಿಳಿಯುತ್ತಾರೆ. ನೀರು ತಾಗದಂತೆ ಕ್ಯಾಮರಾವನ್ನು ಗಟ್ಟಿಯಾದ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರೆ.

ನೀರಿನೊಳಗೆ ಚಿತ್ರ ತೆಗೆಯುವುದು ಸುಲಭವಲ್ಲ. ನೀರು ಬೆಳಕನ್ನು ಹೀರಿಕೊಳ್ಳುತ್ತದೆ. ಮೊದಲು ಮಾಯವಾಗುವುದು ಕೆಂಪು ಬಣ್ಣ. ಹತ್ತು ಮೀಟರ್ ಆಳದಲ್ಲಿ ಕೆಂಪು ಮೀನು ಕೂಡ ಬೂದು ಬಣ್ಣದ್ದಾಗಿ ಕಾಣುತ್ತದೆ! ದೀಪ ಬೆಳಗಿದರೆ ಮಾತ್ರ ಅದರ ಬಣ್ಣ ಮರಳಿ ಬರುತ್ತದೆ.

ಪೆಸಿಫಿಕ್ ಸಾಗರದಲ್ಲಿ ಫಕರಾವ ಎಂಬ ಹವಳದ ದ್ವೀಪವಿದೆ. ಪ್ರತಿವರ್ಷ ಜುಲೈ ತಿಂಗಳ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಸಾವಿರಾರು ಗ್ರೂಪರ್ ಮೀನುಗಳು ಮೊಟ್ಟೆಯಿಡಲು ಸೇರುತ್ತವೆ. ಅವುಗಳನ್ನು ಹಿಡಿದು ತಿನ್ನಲು ಶಾರ್ಕ್‌ಗಳೂ ಬರುತ್ತವೆ. ಮೀನುಗಳು ಸರ್ರನೆ ಮೇಲಕ್ಕೆ ಚಿಮ್ಮಿ ಮೊಟ್ಟೆ ಬಿಡುತ್ತವೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಲ್ಲವೂ ಮುಗಿದುಹೋಗುತ್ತದೆ.

ಈ ಕ್ಷಣಕ್ಕಾಗಿ ಬಲೆಸ್ತಾ ಮತ್ತು ಅವರ ಗೆಳೆಯರು ಐದು ವರ್ಷ ಅಲ್ಲಿಗೆ ಹೋದರು. ಹಗಲೂ ರಾತ್ರಿಯೂ ನೀರಿನಲ್ಲಿ ಕಾದರು. ಕೊನೆಗೊಮ್ಮೆ, ಹಾಲಿನಂತಹ ಮೊಟ್ಟೆಗಳ ಮೋಡದಿಂದ ಮೂರು ಮೀನುಗಳು ಹೊರಬರುವ ಚಿತ್ರ ಅವರಿಗೆ ಸಿಕ್ಕಿತು.

ಅದನ್ನು ಲಂಡನ್ನಿನ ವಸ್ತುಸಂಗ್ರಹಾಲಯವೊಂದು ನಡೆಸುವ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಗೆ ಕಳುಹಿಸಿದರು. ಈ ಸ್ಪರ್ಧೆ ಆರಂಭವಾದದ್ದು 1965ರಲ್ಲಿ. ಇದರಲ್ಲಿ ಭಾಗವಹಿಸುವವರು ಚಿತ್ರಕ್ಕಾಗಿ ಯಾವ ಪ್ರಾಣಿಗೂ ತೊಂದರೆ ಕೊಡಬಾರದು. ಇಲ್ಲದ್ದನ್ನು ಚಿತ್ರದಲ್ಲಿ ಸೇರಿಸಲೂಬಾರದು. 2021ರಲ್ಲಿ 50,000ಕ್ಕೂ ಹೆಚ್ಚು ಚಿತ್ರಗಳು ಬಂದಿದ್ದವು. ಮೊದಲ ಬಹುಮಾನ ಬಲೆಸ್ತಾ ಅವರ ಚಿತ್ರಕ್ಕೆ ದೊರೆಯಿತು. 2023ರಲ್ಲಿ ಮತ್ತೊಂದು ಕಡಲ ಚಿತ್ರಕ್ಕಾಗಿ ಅವರೇ ಪುನಃ ಗೆದ್ದರು.

ಇದೇ ಸ್ಪರ್ಧೆಯಲ್ಲಿ ಮಕ್ಕಳಿಗೂ ಬಹುಮಾನವಿದೆ. 2021ರಲ್ಲಿ ಅದನ್ನು ಗೆದ್ದವನು ಬೆಂಗಳೂರಿನ ಹತ್ತು ವರ್ಷದ ಹುಡುಗ ವಿದ್ಯುನ್ ಹೆಬ್ಬಾರ್. ಅವನು ಕಡಲಿಗೆ ಇಳಿಯಲಿಲ್ಲ. ಗೋಡೆಯ ಸಂದಿನಲ್ಲಿದ್ದ ಜೇಡವನ್ನು ನೋಡಿದನು. ಹಿಂದೆ ಆಟೋರಿಕ್ಷಾ ಹಾದುಹೋಗುವಾಗ ಅದರ ಬಣ್ಣಗಳೂ ಬರುವಂತೆ ಚಿತ್ರ ತೆಗೆದನು.

ಕಡಲಾಗಲಿ, ಗೋಡೆಯಾಗಲಿ, ನೋಡುವ ಕಣ್ಣು ಬೇಕು. ಕಾಯುವ ತಾಳ್ಮೆ ಬೇಕು.

ಪದಗಳ ಅರ್ಥ
ಛಾಯಾಚಿತ್ರ – ಕ್ಯಾಮರಾದಿಂದ ತೆಗೆದ ಚಿತ್ರ
ವನ್ಯಜೀವಿ – ಕಾಡು, ಕಡಲು ಮುಂತಾದೆಡೆ ತಾನಾಗಿ ಬದುಕುವ ಜೀವಿ
ಸಂದು – ಬಿರುಕು, ಕಿರಿದಾದ ಎಡೆ

ಉತ್ತರಿಸಿರಿ
1. ಆಳದ ನೀರಿನಲ್ಲಿ ಕೆಂಪು ಮೀನು ಬೂದು ಬಣ್ಣದ್ದಾಗಿ ಕಾಣುವುದೇಕೆ?
2. ಬಲೆಸ್ತಾ ಐದು ವರ್ಷ ಕಾಯಬೇಕಾಯಿತು. ಏಕೆ?
3. ಚಿತ್ರಕ್ಕಾಗಿ ಪ್ರಾಣಿಗಳಿಗೆ ತೊಂದರೆ ಕೊಡಬಾರದು ಎಂಬ ನಿಯಮ ಏಕೆ ಬೇಕು? ಚರ್ಚಿಸಿರಿ.

ಮಾಡಿ ನೋಡಿರಿ
ಮನೆಯಂಗಳದಲ್ಲಿ ಒಂದು ಇರುವೆಯನ್ನೋ ಜೇಡವನ್ನೋ ಮುಟ್ಟದೆ ಹತ್ತು ನಿಮಿಷ ನೋಡಿರಿ. ಕಂಡದ್ದನ್ನು ಐದು ವಾಕ್ಯಗಳಲ್ಲಿ ಬರೆಯಿರಿ.