ಹತ್ತಿಯ ಎಳೆಯಿಂದ ಸಸ್ಯಕೋಶದ ಪಾಠ

ಉದ್ದೇಶ

ಸಸ್ಯಕೋಶದ ಭಾಗಗಳನ್ನು ಹೆಸರಿಸುವುದಷ್ಟೇ ಈ ಪಾಠದ ಗುರಿಯಲ್ಲ. ಕೋಶವು ಮಾಡಬೇಕಾದ ಕಾರ್ಯಕ್ಕೆ ತಕ್ಕಂತೆ ಅದರ ರಚನೆ ರೂಪುಗೊಳ್ಳುತ್ತದೆ ಎಂಬುದನ್ನು ವಿದ್ಯಾರ್ಥಿಯು ತಾನೇ ನೋಡಿ, ತನ್ನ ಮಾತಿನಲ್ಲಿ ಹೇಳುವಂತಾಗಬೇಕು.

ಪೀಠಿಕೆ

ಆದೋನಿ, ಆಲೂರು, ಕೌತಾಳಂ, ಕೋಸಿಗಿ ಭಾಗದ ಎರೆಭೂಮಿಯ ಮಕ್ಕಳಿಗೆ ಹತ್ತಿ ಹೊಸದಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ತರಗತಿಯ ಹಾಜರಿ ಇಳಿಯುವುದನ್ನು ಈ ಭಾಗದ ಶಿಕ್ಷಕರು ಬಲ್ಲರು. ಕೆಲವು ವಾರಗಳ ನಂತರ ಮರಳಿ ಬಂದ ಮಗು, ಪಾಠ ತಪ್ಪಿದೆಯೆಂಬ ಅಳುಕಿನಿಂದ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತದೆ. ಮಗು ಹೊಲಕ್ಕೆ ಹೋಗುವುದು ಒಪ್ಪತಕ್ಕ ಸಂಗತಿಯಲ್ಲ. ಆದರೆ ಮರಳಿ ಬಂದ ಮಗು ಶಾಲೆಯಲ್ಲಿ ಉಳಿಯಬೇಕಾದರೆ, ಅದಕ್ಕೆ ತಿಳಿದಿರುವುದಕ್ಕೂ ತರಗತಿಯಲ್ಲಿ ಬೆಲೆಯಿರಬೇಕು. ಆದ್ದರಿಂದ ಈ ಪಾಠವನ್ನು ಹತ್ತಿಯಿಂದಲೇ ಆರಂಭಿಸುವುದು ಸೂಕ್ತ.

ಒಂದು ಹತ್ತಿಕಾಳನ್ನು ಅರಳೆಸಮೇತ ತರಿಸಿ, ಅದರಿಂದ ಒಂದೇ ಎಳೆಯನ್ನು ಮೆಲ್ಲಗೆ ಬಿಡಿಸಿ, ಕಪ್ಪು ಬಟ್ಟೆಯ ಮೇಲಿಟ್ಟು ಅಳೆಯಲು ಹೇಳಬೇಕು. ಅದು ಸಾಮಾನ್ಯವಾಗಿ 25ರಿಂದ 30 ಮಿಲಿಮೀಟರ್ ಇರುತ್ತದೆ. ಅನಂತರ ತಿಳಿಸಬೇಕು: ಈ ಇಡೀ ಎಳೆ ಒಂದೇ ಒಂದು ಜೀವಕೋಶ.

ವಿಷಯ ವಿವರಣೆ

ಜೀವಕೋಶಗಳು ಬರಿಗಣ್ಣಿಗೆ ಕಾಣುವುದಿಲ್ಲ ಎಂದು ನಾವು ವಾಡಿಕೆಯಂತೆ ಹೇಳಿಬಿಡುತ್ತೇವೆ. ಬಹುಪಾಲು ಕೋಶಗಳ ವಿಷಯದಲ್ಲಿ ಇದು ನಿಜ. ಹತ್ತಿಯ ಎಳೆ ಇದಕ್ಕೆ ಅಪವಾದ. ಅದರ ಅಗಲ ಮಿಲಿಮೀಟರಿನ ಸುಮಾರು ಐವತ್ತನೆಯ ಒಂದು ಭಾಗ ಮಾತ್ರ. ಉದ್ದವಾದರೋ ಅಗಲದ ಸಾವಿರಪಟ್ಟಿಗೂ ಹೆಚ್ಚು. ಎಳೆಯನ್ನು ಹೆಬ್ಬೆರಳಿನಷ್ಟು ದಪ್ಪವಾಗುವಂತೆ ಹಿಗ್ಗಿಸಿ ಕಲ್ಪಿಸಿಕೊಂಡರೆ, ಅದರ ಉದ್ದ 25ರಿಂದ 30 ಮೀಟರ್ ಆದೀತು.

ಹೂ ಅರಳುವ ಹೊತ್ತಿಗೆ, ಮುಂದೆ ಬೀಜವಾಗುವ ಅಂಡಕದ ಹೊರಪದರದ ಕೆಲವು ಕೋಶಗಳು ಹೊರಕ್ಕೆ ಚಾಚತೊಡಗುತ್ತವೆ. ಮೊದಲ ಸುಮಾರು ಮೂರು ವಾರ ಅವು ಉದ್ದವಾಗುತ್ತವೆ. ಆಗ ಕೋಶಭಿತ್ತಿ ತೆಳುವಾಗಿ, ಹಿಗ್ಗುವಂತಿರುತ್ತದೆ. ಒಳಗಿನ ದೊಡ್ಡ ರಸದಾನಿ ನೀರನ್ನು ಹೀರಿ ಭಿತ್ತಿಯನ್ನು ಒಳಗಿನಿಂದ ಒತ್ತುತ್ತದೆ. ಬೆಳವಣಿಗೆಗೆ ಬೇಕಾದ ವಸ್ತುಗಳನ್ನು ಕೋಶದ್ರವ್ಯ ಸಿದ್ಧಪಡಿಸುತ್ತದೆ. ಕೋಶಕೇಂದ್ರ ಆ ಕಾರ್ಯಗಳನ್ನು ನಿಯಂತ್ರಿಸುತ್ತದೆ. ಬಳಿಕ ಭಿತ್ತಿಯ ಒಳಮೈಗೆ ಸೆಲ್ಯುಲೋಸ್ ಪದರಪದರವಾಗಿ ಸೇರಿ ಎಳೆ ಗಟ್ಟಿಯಾಗುತ್ತದೆ. ಕಾಯಿ ಬಿರಿದಾಗ ಕೋಶ ಸತ್ತು ಒಣಗುತ್ತದೆ. ಕೊಳವೆಯಂತಿದ್ದ ಎಳೆ ಚಪ್ಪಟೆಯಾಗಿ, ತಿರುಚಿದ ಪಟ್ಟಿಯಂತಾಗುತ್ತದೆ. ಈ ತಿರುಚುಗಳಿಂದಲೇ ಎಳೆಗಳು ಒಂದಕ್ಕೊಂದು ಹಿಡಿದುಕೊಂಡು ನೂಲಾಗಬಲ್ಲವು. ನಾವು ಉಡುವ ಹತ್ತಿಬಟ್ಟೆ ಸತ್ತ ಕೋಶಗಳ ಭಿತ್ತಿಯೇ ಹೊರತು ಬೇರೆಯಲ್ಲ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್ ಚೂರಿನಲ್ಲಿ ಕಂಡು ಹೆಸರಿಟ್ಟದ್ದೂ ಇಂತಹ ಬರಿದಾದ ಭಿತ್ತಿಗಳನ್ನೇ.

ಪ್ರಯೋಗ

ಹತ್ತಿ ಕೋಶಭಿತ್ತಿಯನ್ನು ತೋರಿಸುತ್ತದೆ. ಉಳಿದ ಭಾಗಗಳಿಗೆ ಜೀವಂತ ಕೋಶ ಬೇಕು. ಕರ್ನೂಲು ಜಿಲ್ಲೆಯ ಇನ್ನೊಂದು ಬೆಳೆಯಾದ ಈರುಳ್ಳಿ ಇಲ್ಲಿ ನೆರವಾಗುತ್ತದೆ.

ಅ) ಈರುಳ್ಳಿಯ ಎಸಳಿನ ಒಳಮೈಯಿಂದ ತೆಳುಸಿಪ್ಪೆ ಬಿಡಿಸಿ, ಅಯೋಡಿನ್ ದ್ರಾವಣದ ಒಂದು ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ತೋರಿಸಬೇಕು. ಕೋಶಭಿತ್ತಿ ಮತ್ತು ಕೋಶಕೇಂದ್ರ ಸ್ಪಷ್ಟವಾಗಿ ಕಾಣುತ್ತವೆ.

ಆ) ಕೆಂಪು ಈರುಳ್ಳಿಯ ಎಸಳಿನ ಹೊರಮೈಯ ಸಿಪ್ಪೆಯನ್ನು ಬಣ್ಣ ಹಾಕದೆ, ನೀರಿನಲ್ಲಿಟ್ಟು ನೋಡಬೇಕು. ಕೆನ್ನೇರಳೆ ಬಣ್ಣ ಇರುವುದು ರಸದಾನಿಯಲ್ಲಿ. ಈಗ ಗಾಢವಾದ ಉಪ್ಪುನೀರಿನ ಹನಿ ಸೇರಿಸಿದರೆ, ನೀರು ಹೊರಬಂದು ಬಣ್ಣದ ಭಾಗ ಕುಗ್ಗುತ್ತದೆ; ಭಿತ್ತಿ ಮಾತ್ರ ಇದ್ದಲ್ಲೇ ನಿಲ್ಲುತ್ತದೆ. ಭಿತ್ತಿ ಬೇರೆ, ಅದರೊಳಗಿನ ಕೋಶಪೊರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಕಿಲ್ಲ.

ಇ) ಸುಲಭವಾಗಿ ಸಿಪ್ಪೆ ಬಿಡುವ ಯಾವುದಾದರೂ ಹಸಿರೆಲೆಯ ಕೆಳಮೈಯನ್ನು ನೋಡಿದರೆ, ಪತ್ರರಂಧ್ರದ ಇಕ್ಕೆಲದ ಕಾವಲು ಕೋಶಗಳಲ್ಲಿ ಕ್ಲೋರೊಪ್ಲಾಸ್ಟ್‌ಗಳು ಹಸಿರು ಚುಕ್ಕೆಗಳಂತೆ ಕಾಣುತ್ತವೆ.

ಈರುಳ್ಳಿಯ ಸಿಪ್ಪೆಯ ಚಿತ್ರದಲ್ಲೂ ಅನೇಕ ವಿದ್ಯಾರ್ಥಿಗಳು ಹಸಿರು ಕ್ಲೋರೊಪ್ಲಾಸ್ಟ್ ಬರೆಯುತ್ತಾರೆ. ಪುಸ್ತಕದ ಮಾದರಿ ಚಿತ್ರದಲ್ಲಿ ಎಲ್ಲ ಭಾಗಗಳೂ ಒಟ್ಟಿಗಿರುವುದೇ ಇದಕ್ಕೆ ಕಾರಣ. ಮಣ್ಣಿನೊಳಗೆ ಆಹಾರ ಕೂಡಿಡುವ ಗಡ್ಡೆಗೆ ಬೆಳಕಿನಿಂದ ಆಹಾರ ತಯಾರಿಸುವ ಕೆಲಸವಿಲ್ಲ. ಕಂಡದ್ದನ್ನಷ್ಟೇ ಬರೆಯುವಂತೆ ಸೂಚಿಸಬೇಕು.

ಪದಗಳ ವಿಚಾರ

ನಮ್ಮ ವಿದ್ಯಾರ್ಥಿಗಳ ಕಿವಿಗೆ ತೆಲುಗಿನ ಪಾರಿಭಾಷಿಕ ಪದಗಳೂ ಬೀಳುತ್ತವೆ. ತೆಲುಗಿನಲ್ಲಿ ಜೀವಕೋಶಕ್ಕೆ ‘ಕಣಂ’ ಎಂದೂ ಕೋಶಭಿತ್ತಿಗೆ ‘ಕಣಕವಚಂ’ ಎಂದೂ ಹೆಸರು. ಕನ್ನಡದಲ್ಲಿ ‘ಕಣ’ವೆಂದರೆ ಭೌತಶಾಸ್ತ್ರದ ಸೂಕ್ಷ್ಮ ತುಣುಕು, ರೈತನ ಮನೆಯಲ್ಲಿ ರಾಶಿ ಮಾಡುವ ಜಾಗ. ಮಗು ‘ಸಸ್ಯಕಣ’ ಎಂದು ಬರೆದರೆ ತಪ್ಪೆಂದು ಹೊಡೆದುಹಾಕುವ ಮುನ್ನ, ಆ ಪದ ಎಲ್ಲಿಂದ ಬಂತೆಂದು ಕೇಳಬೇಕು. ಎರಡು ಭಾಷೆಗಳ ಪದಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ತೋರಿಸಬೇಕು. ಆಗ ಗೊಂದಲ ಕಳೆಯುತ್ತದೆ. ಮುಂದೆ ಬೇರೆ ಮಾಧ್ಯಮಕ್ಕೆ ಹೋಗುವ ವಿದ್ಯಾರ್ಥಿಗೂ ನೆರವಾಗುತ್ತದೆ.

ಮೌಲ್ಯಮಾಪನ

1. ಎಳೆ ಉದ್ದವಾಗುವ ವಾರಗಳಲ್ಲಿ ಮಳೆ ಕೈಕೊಟ್ಟರೆ ಹತ್ತಿಯ ಎಳೆ ಗಿಡ್ಡವಾಗುವುದೇಕೆ? ಕೋಶದ ಯಾವ ಭಾಗದ ಕೆಲಸಕ್ಕೆ ಅಡ್ಡಿಯಾಯಿತು?

2. ಕೋಶ ಸತ್ತ ಮೇಲೂ ಹತ್ತಿಬಟ್ಟೆ ಗಟ್ಟಿಯಾಗಿ ಉಳಿಯುವುದು ಹೇಗೆ?

3. ಉಪ್ಪುನೀರಿನಲ್ಲಿ ಈರುಳ್ಳಿಯ ಕೋಶಭಿತ್ತಿ ಕುಗ್ಗದೆ ಬಣ್ಣದ ಭಾಗವಷ್ಟೇ ಕುಗ್ಗಿದ್ದು ಏಕೆ?

ಮೊದಲ ಪ್ರಶ್ನೆಯನ್ನು ಹಿಂದಿನ ಸಾಲಿನಿಂದ ಕೇಳಲಾರಂಭಿಸುವುದು ಒಳ್ಳೆಯದು. ಮಳೆ ತಪ್ಪಿದ ವರ್ಷದ ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ ವ್ಯಾಪಾರಿ ಬೆಲೆ ಇಳಿಸಿದ್ದನ್ನು ಕಂಡ ಮಗು ಅಲ್ಲಿ ಕುಳಿತಿರಬಹುದು. ಆ ಬೆಲೆಯ ಹಿಂದೆ ನೀರು ಸಾಲದ ಒಂದು ರಸದಾನಿಯಿತ್ತೆಂದು ಆ ಮಗು ತಾನೇ ಹೇಳಿದ ದಿನ ಪಾಠದ ಉದ್ದೇಶ ಈಡೇರಿತೆಂದು ತಿಳಿಯಬಹುದು.